ಚಾಚಾ ಹಾಕದ ಸಹಿ

ಇವತ್ತು ಬೆಳಿಗ್ಗೆ ಮಿಕ್ಸರ್ ಸುಟ್ಟಿತು. ಶೇಂಗಾ ಹಿಂಡಿ ಮಾಡೋಣವೆಂದು ಹುರಿದ ಶೇಂಗಾ, ಖಾರ, ಬೆಳ್ಳುಳ್ಳಿ ಹಾಕಿ ತಿರುಗಿಸಿದ್ದೆ. ಎರಡು ಸಲ ಗುರ್ ಎಂದು ನಿಂತೇ ಹೋಯಿತು. ತಳದಿಂದ ಸಣ್ಣಗೆ ಹೊಗೆ. ಸುಟ್ಟ ತಾಮ್ರದ ತಂತಿ, ಕರಗಿದ ವಾರ್ನಿಷ್, ಎರಡೂ ಸೇರಿದ ಘಾಟು ಅಡುಗೆಮನೆ ತುಂಬಿತು. "ಯವ್ವಾ, ಏನ್ ವಾಸ್ನಿ!" ಎಂದು ಮಗಳು ಮೂಗು ಹಿಡಿದುಕೊಂಡು ಹೊರಗೆ ಓಡಿದಳು. ನಾನು ಕಿಟಕಿಯನ್ನೂ ತೆರೆಯದೆ ಅಲ್ಲೇ ನಿಂತುಬಿಟ್ಟೆ. ಆರು ವರ್ಷ ಈ ವಾಸನೆಯ ಪಕ್ಕದಲ್ಲೇ ಕೂತು ಅನ್ನ ಉಂಡವಳು ನಾನು...

ಈಗ ಆಳಂದದಲ್ಲಿದ್ದೇನೆ. ಆಗ ಅಫಜಲಪುರದ ಬಸ್ ಸ್ಟ್ಯಾಂಡಿನ ಹಿಂದಿನ ಸಾಲಿನಲ್ಲಿ ನನ್ನದೊಂದು ಆನ್‌ಲೈನ್ ಸೆಂಟರ್ ಇತ್ತು. ಪಹಣಿ, ಜಾತಿ ಪ್ರಮಾಣಪತ್ರ, ಪರೀಕ್ಷೆಯ ಅರ್ಜಿ, ಜೆರಾಕ್ಸ್. ಗಂಡನ ಮನೆ ಬಿಟ್ಟು ಕೂಸನ್ನು ಕಟ್ಟಿಕೊಂಡು ಬಂದವಳಿಗೆ ಊರು ಕೊಡುವ ಮರ್ಯಾದೆ ಎಷ್ಟೆಂದು ಎಲ್ಲರಿಗೂ ಗೊತ್ತು. ಗೋಡೆಯಾಚೆ ಚಾಚಾ ಅವರ ಮೋಟಾರ್ ವೈಂಡಿಂಗ್ ಅಂಗಡಿ. ಜೇವರ್ಗಿ ಕಡೆಯಿಂದಲೂ ಕಬ್ಬಿನ ಹೊಲದವರು ಸುಟ್ಟ ಪಂಪ್‌ಸೆಟ್ ಮೋಟಾರು ಹೊತ್ತುಕೊಂಡು ಬರುತ್ತಿದ್ದರು. ಚಾಚಾ ಕರಜಗಿಯಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುವ, ಬಿಳಿ ಗಡ್ಡದ, ಮಾತು ಕಡಿಮೆಯ ಮನುಷ್ಯ. ಮೊದಲ ವರ್ಷ ನಮ್ಮಿಬ್ಬರ ನಡುವೆ ಸಲಾಮು, ನಮಸ್ಕಾರ ಬಿಟ್ಟರೆ ಬೇರೆ ಮಾತೇ ಇರಲಿಲ್ಲ.

ನನ್ನ ಇನ್ನೊಂದು ಹುಚ್ಚು ಹೇಳಬೇಕು. ಮದುವೆ ವಿಡಿಯೊ ಎಡಿಟಿಂಗಿಗೆಂದು ಜೋರಾದ ಕಂಪ್ಯೂಟರ್ ಒಂದನ್ನು ಮಾಡಿಸಿದ್ದೆ. ಮದುವೆ ಇಲ್ಲದ ದಿನಗಳಲ್ಲಿ ಅದರಲ್ಲಿ ವಿಮಾನ ಹಾರಿಸುತ್ತಿದ್ದೆ. ಫ್ಲೈಟ್ ಸಿಮ್ಯುಲೇಟರ್ ಎಂದರೆ ಆಟ ಎಂದುಕೊಳ್ಳುವವರು ಹಾಗೇ ಅಂದುಕೊಳ್ಳಲಿ. ಅದರೊಳಗೆ ಹಾರಿಸಲು ಬೇರೆ ಬೇರೆ ಕಂಪನಿಯವರು ಒಂದೊಂದೇ ವಿಮಾನವನ್ನು ನಟ್ಟು ಬೋಲ್ಟಿನ ಸಮೇತ ಕಂಪ್ಯೂಟರಿನಲ್ಲಿ ಕಟ್ಟಿ ಮಾರುತ್ತಾರೆ. ಮಾರುವ ಮೊದಲು ಕೆಲವರಿಗೆ ಕೊಟ್ಟು, ತಪ್ಪು ಹುಡುಕಿರಿ ಎನ್ನುತ್ತಾರೆ. ಅದು ಬೀಟಾ ಟೆಸ್ಟಿಂಗ್. ಹೊರದೇಶದ ಒಂದು ಚಿಕ್ಕ ಕಂಪನಿ ನನಗೂ ಹಾಗೆ ಒಂದು ವಿಮಾನ ಕೊಟ್ಟಿತ್ತು. ಎರಡು ಎಂಜಿನ್ನಿನ ಹಳೆಯ ಸರಕು ವಿಮಾನ. ಸಂಬಳ ಇಲ್ಲ. ಹುಡುಕಿದವರ ಹೆಸರು ವಿಮಾನದ ಕೈಪಿಡಿಯ ಕೊನೆಯ ಪುಟದಲ್ಲಿ ಹಾಕುತ್ತಿದ್ದರು, ಅಷ್ಟೇ. ನಾನು ಹುಡುಕಿದ್ದಾದರೂ ಏನು? ಬಣ್ಣ ಅಳಿಸಿದೆ, ಬಾಗಿಲು ಓರೆಯಾಗಿದೆ... ಕೂಸು ಹುಡುಕುವಂಥವು.

ಪಿಂಚಣಿದಾರರು ಬದುಕಿದ್ದೇವೆಂದು ಬೆರಳೊತ್ತಿ ಪ್ರಮಾಣಪತ್ರ ಕೊಡುವ ದಿನಗಳವು. ಒಂದು ಮಧ್ಯಾಹ್ನ ಚಾಚಾ ಬಂದು ಕೂತರು. ವಾರ್ನಿಷಿಗೆ, ತಂತಿಗೆ ಅವರ ಹೆಬ್ಬೆರಳಿನ ಗೆರೆಯೆಲ್ಲ ಸವೆದು ಹೋಗಿತ್ತು. ಯಂತ್ರ ಒಲ್ಲೆ ಎಂದಿತು, ಮತ್ತೊಮ್ಮೆ ಒಲ್ಲೆ ಎಂದಿತು.

"ಜಿಂದಾ ಇದ್ದೇನಿ ಅಂತ ನಾ ಹೇಳಾಕತ್ತೇನಿ, ಇಲ್ಲ ಅಂತ ಮಿಷನ್ ಹೇಳಾಕತ್ತದ. ಯಾರ ಮಾತ್ ನಂಬ್ತಿ ಬೇಟಿ?" ಎಂದರು.

ನಕ್ಕು ಅವರ ಬೆರಳಿಗೆ ಎಣ್ಣೆ ಹಚ್ಚುತ್ತಿದ್ದೆ. ಅವರ ಕಣ್ಣು ಮಾತ್ರ ನನ್ನ ಇನ್ನೊಂದು ಪರದೆಯ ಮೇಲಿತ್ತು. ಅಲ್ಲಿ ಆ ವಿಮಾನದ ಎಂಜಿನ್ ಆಗಷ್ಟೇ ಶುರುವಾಗಿತ್ತು. ಬಹಳ ಹೊತ್ತು ನೋಡಿ, "ಆಯಿಲ್ ಪ್ರೆಶರ್ ಹಿಂಗ್ ಲಗೂನ ಏರೂದಿಲ್ಲ. ಥಂಡ್ಯಾಗ ಮುಳ್ಳು ಕುಂತಲ್ಲೇ ಕುಂತಿರ್ತದ. ಆಮ್ಯಾಲ ಮೊಣಕಾಲ್ ನೋವಿನ ಮುದುಕಿ ಎದ್ದಂಗ ಸಾವಕಾಶ ಏಳ್ತದ. ಇದನ್ನ ಕಟ್ಟಿದವ್ರು ಖರೇ ಎಂಜಿನ್ ನೋಡಿಲ್ಲ" ಎಂದರು.

ನಾನು ಬೆರಳು ಬಿಟ್ಟು ಅವರ ಮುಖ ನೋಡಿದೆ. ವಾಯುಸೇನೆಯಲ್ಲಿ ಇಪ್ಪತ್ತು ವರ್ಷ ಎಂಜಿನ್ ಫಿಟ್ಟರ್ ಆಗಿದ್ದವರು, ಇಂಥದೇ ವಿಮಾನಗಳ ಹೊಟ್ಟೆಯಲ್ಲಿ ಕೈಯಾಡಿಸಿದವರು ಎಂದು ಗೊತ್ತಾದದ್ದು ಅವತ್ತು. ಊರಿಗೂ ಅವರು ಹೇಳಿದ್ದರು, ಊರು ನಂಬಿರಲಿಲ್ಲ. "ಚಾಚಾ, ಇವತ್ತ್ ಯಾವ್ ವಿಮಾನ ಬಿಚ್ಚೀರಿ? ನಮ್ಮ ಎಮ್ಮಿ ಮ್ಯಾಲ ಇಳಸಬ್ಯಾಡ್ರಿ ಮತ್ತ" ಎಂದು ಚಹಾದಂಗಡಿಯಲ್ಲಿ ನಗುವವರೇ ಎಲ್ಲ. ಅವರು ಚಹಾ ಕುಡಿದು ಎದ್ದು ಬರುತ್ತಿದ್ದರು.

ಅಂದಿನಿಂದ ಊಟದ ಬಿಡುವಿನಲ್ಲಿ ಅವರು ನನ್ನ ಸೆಂಟರಿಗೆ ಬಂದು ಕೂರತೊಡಗಿದರು. ನಾನು ಹಾರಿಸುವುದು, ಅವರು ಕಣ್ಣು ಮುಚ್ಚಿ ಕೇಳುವುದು. ಬಲಗಡೆಯ ಎಂಜಿನ್ನಿನ ಸದ್ದು ಎಡಗಡೆಯದರ ಜೊತೆ ಕೂಡುತ್ತಿಲ್ಲ. ಬಿಸಿಲಲ್ಲಿ ನಿಂತ ಎಂಜಿನ್ ಮೊದಲ ಸಲಕ್ಕೇ ಚಾಲೂ ಆಗುವುದು ಸುಳ್ಳು ಎನ್ನುತ್ತಿದ್ದರು. ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ಸರ್ವಿಸಿನಲ್ಲಿ ಕಲಿತ ತುಂಡು ಇಂಗ್ಲಿಷಿನಲ್ಲಿ ದೋಷ ಏನು, ಏನು ನೋಡಿದೆ ಎಂದು ಬರೆದು, ಕೊನೆಯ ಅಂಕಣದಲ್ಲಿ ಪ್ರತಿ ಸಾಲಿಗೂ ಸಹಿ ಹಾಕುತ್ತಿದ್ದರು.

"ಇದು ಕಂಪ್ಯೂಟರಿನ್ಯಾಗಿಂದು ಚಾಚಾ, ಸಹಿ ಯಾಕ್ರಿ?" ಎಂದು ಒಮ್ಮೆ ಛೇಡಿಸಿದೆ.

"ಸಹಿ ಇಲ್ಲಂದ್ರ ವಿಮಾನ ನೆಲಾ ಬಿಡಂಗಿಲ್ಲ ಬೇಟಿ. ಸಹಿ ಅಂದ್ರೇನು? ನಾಳಿ ಅದು ಬಿದ್ರ ಬಂದು ನನ್ನ ಬಾಗಲಾ ಬಡೀರಿ ಅಂತ ಬರ್ದು ಕೊಟ್ಟಂಗ." ಅವರು ನಗಲಿಲ್ಲ.

ನಾನು ಅದನ್ನೆಲ್ಲ ಟೈಪ್ ಮಾಡಿ ಕಂಪನಿಗೆ ಕಳಿಸುತ್ತಿದ್ದೆ. ಸಹಿಯ ಅಂಕಣ ಒಂದನ್ನು ಬಿಟ್ಟು. ವಿಮಾನವನ್ನು ಬೇರೆಯವರಿಗೆ ತೋರಿಸಬಾರದೆಂದು ನನ್ನಿಂದ ಬರೆಸಿಕೊಂಡಿದ್ದರು, ಅದು ಖರೆ. ಒಂದು ಮಾತು ಕೇಳಿದ್ದರೆ ಚಾಚಾ ಅವರನ್ನೂ ಸೇರಿಸಿಕೊಳ್ಳುತ್ತಿದ್ದರು, ಅದೂ ಅಷ್ಟೇ ಖರೆ. ಕೇಳಲಿಲ್ಲ. ಏಕೆಂದರೆ ಅಷ್ಟರಲ್ಲಿ ಹೊಗಳಿಕೆ ಬರತೊಡಗಿತ್ತು. ಇಷ್ಟು ಸೂಕ್ಷ್ಮವಾಗಿ ನೋಡುವವರನ್ನು ನಾವು ಕಂಡಿಲ್ಲ ಎಂದು ಅಲ್ಲಿನ ಯಜಮಾನ ಬರೆದ. ಬಿಡುಗಡೆಯಾದ ಮೇಲೆ ಗ್ರಾಹಕರ ದೂರುಗಳಿಗೆ ಉತ್ತರ ಕೊಡುವ ಕೆಲಸ ನಿಮಗೇ, ಸಂಬಳದ ಕೆಲಸ ಎಂದ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ! ನಾನು ಹಿಗ್ಗಿದೆ. ತವರಿನಲ್ಲಿ ಮೊದಲ ಸಲ ತಲೆ ಎತ್ತಿ ಮಾತಾಡಿದೆ.

ಚಾಚಾ ನನ್ನಿಂದ ಕೇಳಿದ್ದು ಒಂದೇ. ಕೈಪಿಡಿಯ ಕೊನೆಯ ಪುಟದಲ್ಲಿ ಅವರ ಹೆಸರು. "ಒಂದ್ ಪ್ರಿಂಟ್ ತಗದು ಕೊಡು, ಸಾಕು. ಚಾದಂಗಡ್ಯಾಗ ಒಗೀತೇನಿ, ಓದ್ಕೋರಿ ಅಂತ." ಹೂಂ ಎಂದೆ. ಹೂಂ ಎನ್ನಲು ಏನು ಖರ್ಚು?

ಬಿಡುಗಡೆಗೆ ನಾಲ್ಕು ದಿನ ಇರುವಾಗ ಅವರು ಎಡಗಡೆಯ ಇಂಧನ ಟ್ಯಾಂಕಿನ ಮುಳ್ಳನ್ನು ಹಿಡಿದರು. ಕಾಲು ಭಾಗಕ್ಕೆ ಬಂದದ್ದು ಅಲ್ಲೇ ಅಂಟಿಕೊಂಡಂತೆ ಕಾಣುತ್ತದೆ, ಟ್ಯಾಂಕು ಮಾತ್ರ ಖಾಲಿಯಾಗುತ್ತಿರಬೇಕು ಎಂಬ ಅನುಮಾನ. ಗೊತ್ತಾಗಬೇಕಾದರೆ ನಾಲ್ಕು ತಾಸು ನಿಲ್ಲಿಸದೆ ಹಾರಿಸಬೇಕು. ಹಾರಿಸಿದೆವು. ಎರಡು ಸಲವೂ ಮೂರನೆಯ ತಾಸಿಗೆ ಕರೆಂಟು ಹೋಯಿತು. ನನ್ನ ಯುಪಿಎಸ್ಸು ಅರ್ಧ ತಾಸಿಗೇ ಕೈಯೆತ್ತುವ ಗಿರಾಕಿ. ಶುಕ್ರವಾರ ಸಂಜೆಯೊಳಗೆ ನನ್ನ ವರದಿ ಹೋಗಬೇಕಿತ್ತು.

ಶುಕ್ರವಾರ ಮಧ್ಯಾಹ್ನ ಚಾಚಾ ಟೋಪಿ ಹಾಕಿಕೊಳ್ಳುತ್ತ, "ನಮಾಜ್ ಮುಗಿಸಿ ಬರ್ತೇನಿ, ಮತ್ತೊಮ್ಮಿ ಹಾರ್ಸೂಣು. ಅಲ್ಲೀತನಾ ಕಳಸಬ್ಯಾಡ" ಎಂದು ಹೋದರು. ಅವರು ಬರುವಷ್ಟರಲ್ಲಿ ನಾನು ಕಳಿಸಿಬಿಟ್ಟಿದ್ದೆ. ಇಂಧನ ವ್ಯವಸ್ಥೆ: ಪರೀಕ್ಷಿಸಲಾಗಿದೆ, ಸರಿಯಿದೆ.

"ಟ್ಯಾಂಕಿಂದು ಏನ್ ಬರ್ದಿ?" ಎಂದರು ಬಂದವರು.

"ಇನ್ನಾ ನೋಡಾಕತ್ತೇವಿ ಅಂತ ಬರ್ದೇನ್ರಿ" ಎಂದೆ. ಕಣ್ಣು ಮಿಟುಕಿಸದೆ ಹೇಳಿದೆ. ಸುಳ್ಳಿಗೂ ಸಲೀಸು ಎಂಬುದಿದೆ, ನನಗೆ ಅದು ಕೂಡಿಬಂದಿತ್ತು.

ವಿಮಾನ ಬಿಡುಗಡೆಯಾಯಿತು. ಕೊನೆಯ ಪುಟದಲ್ಲಿ ಒಂಬತ್ತು ಹೆಸರು. ಚಾಚಾ ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗೆ ಬೆರಳಿಟ್ಟು ನೋಡಿದರು. ನನ್ನ ಹೆಸರಿನ ಹತ್ತಿರ ಬೆರಳು ಸ್ವಲ್ಪ ನಿಂತಿತು... "ಇರ್ಲಿ ಬೇಟಿ. ಮುಂದಿನ ಸಲ ಹಾಕಸು" ಎಂದರು. ಜಗಳಾಡಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ವಾರ ಕಳೆಯಲಿಲ್ಲ, ದೂರುಗಳು ಶುರುವಾದವು. ದೂರದ ಹಾರಾಟಕ್ಕೆ ಹೋದವರ ವಿಮಾನವೆಲ್ಲ ಬೀಳುತ್ತಿತ್ತು. ಮುಳ್ಳು ಕಾಲು ಟ್ಯಾಂಕ್ ಇದೆ ಎನ್ನುತ್ತದೆ, ಎಂಜಿನ್ ಆರುತ್ತದೆ. ವರ್ಷಕ್ಕೊಮ್ಮೆ ಸಿಗುವ ರಜೆಯಲ್ಲಿ ಸಮುದ್ರ ದಾಟಲು ಕೂತಿದ್ದೆ, ದಡ ಕಾಣುವಾಗ ಮುಳುಗಿದೆ ಎಂದು ಒಬ್ಬ ಬರೆದ. ಇನ್ನೊಬ್ಬ ಬರೆದದ್ದನ್ನು ಇಲ್ಲಿ ಬರೆಯಲಾಗದು. ಉತ್ತರ ಕೊಡುವ ಹೊಸ ನೌಕರಳು ಯಾರು? ನಾನೇ. ನಿಮ್ಮ ತೊಂದರೆಗೆ ವಿಷಾದಿಸುತ್ತೇವೆ, ಪರಿಶೀಲಿಸುತ್ತಿದ್ದೇವೆ. ಅದೇ ಎರಡು ಸಾಲನ್ನು ಎಲ್ಲರಿಗೂ ಅಂಟಿಸಿದೆ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರಲ್ಲ, ನಾನು ಉಣ್ಣಲಿಲ್ಲ. ತಾಟನ್ನು ಬೇರೆಯವರ ಮುಂದೆ ಸರಿಸಿದೆ.

ಇಂಧನ ಪರೀಕ್ಷೆ ಮಾಡಿದವರು ಯಾರು ಎಂದು ಯಜಮಾನ ಕೇಳಿದಾಗ ನಾನು ಬರೆದದ್ದು ಇಷ್ಟು. ನಮ್ಮ ಊರಿನಲ್ಲಿ ಒಬ್ಬ ನಿವೃತ್ತ ಫಿಟ್ಟರ್ ಇದ್ದಾರೆ, ನನಗೆ ನೆರವಾಗುತ್ತಿದ್ದರು, ಸರಿಯಿದೆ ಎಂದು ಹೇಳಿದ್ದು ಅವರೇ, ನಾನು ನಂಬಿದೆ. ಕೆಳಗೆ ಅವರ ಪೂರ್ತಿ ಹೆಸರು ಬರೆದೆ. ಅಷ್ಟು ತಿಂಗಳಲ್ಲಿ ಆ ಕಂಪನಿಗೆ ಅವರ ಹೆಸರು ನಾನು ಬರೆದದ್ದು ಅದೊಂದೇ ಸಲ. ಥೂ! ಒಮ್ಮೆಯೂ ತಡೆಯದೆ ಬರೆದು ಕಳಿಸಿದೆ.

ಅವರ ಜೊತೆ ಮಾತಾಡಬೇಕು ಎಂದ ಯಜಮಾನ. ನಾನು ಚಾಚಾಗೆ ಹೇಳಿದ್ದು, "ಕಂಪನಿಯವ್ರು ನಿಮ್ಮ ಜೋಡಿ ವಿಡಿಯೊದಾಗ ಮಾತಾಡ್ತಾರಂತ್ರಿ" ಎಂದು ಮಾತ್ರ.

ಮರುದಿನ ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದರು. ಗಡ್ಡ ಕತ್ತರಿಸಿದ್ದರು. ಉಗುರಿನ ಸಂದಿಯ ವಾರ್ನಿಷನ್ನು ಕೆರೆದು ತೆಗೆದಿದ್ದರು. ಹೆಸರಿನ ಸಲುವಾಗಿ ಕರೆಯುತ್ತಿದ್ದಾರೆ ಎಂದುಕೊಂಡಿದ್ದರು ಪಾಪ. "ಹೆಸರಿನ ಸ್ಪೆಲ್ಲಿಂಗ್ ಬರ್ದು ತಂದೇನಿ" ಎಂದು ಕಿಸೆಯಿಂದ ಚೀಟಿ ತೆಗೆದು ಮುಂದಿಟ್ಟರು. ಆಗಲಾದರೂ ಬಾಯಿ ಬಿಡಬಹುದಿತ್ತು ನಾನು.

ಯಜಮಾನ ಕೂಗಾಡಲಿಲ್ಲ, ಮರ್ಯಾದೆಯಿಂದಲೇ ಕೇಳಿದ. ಇಂಧನ ವ್ಯವಸ್ಥೆಯನ್ನು ನೋಡಿ, ಸರಿಯಿದೆ ಎಂದು ಹೇಳಿದ್ದು ನೀವೇ ಏನು?

ಚಾಚಾ ನನ್ನ ಕಡೆ ತಿರುಗಿದರು. ನಾನು ಕೀಬೋರ್ಡ್ ನೋಡುತ್ತಿದ್ದೆ. ಅವರು ನೋಡುತ್ತಲೇ ಇದ್ದರು, ನನ್ನ ಕಿವಿ ಬಿಸಿಯಾಗಿತ್ತು. ಆಮೇಲೆ ಕುರ್ಚಿಯಲ್ಲಿ ಬೆನ್ನು ನೇರ ಮಾಡಿಕೊಂಡದ್ದು ಕಂಡಿತು.

"ಯೆಸ್ ಸರ್. ಚೆಕ್ಡ್ ಬೈ ಮೀ. ಮೈ ಮಿಸ್ಟೇಕ್, ಸರ್" ಎಂದರು.

ಮಾತು ಅಲ್ಲಿಗೆ ಮುಗಿಯಿತು. ಇನ್ನು ಮೇಲೆ ಹೊರಗಿನವರ ನೆರವು ಬೇಡ ಎಂದು ಯಜಮಾನ ನನಗೆ ಬುದ್ಧಿ ಹೇಳಿದ. ನನ್ನ ಕೆಲಸ ಉಳಿಯಿತು. "ಚಾ ತರಸ್ಲೇನ್ರಿ ಚಾಚಾ?" ಎಂದೆ. ಅಂಥ ಹೊತ್ತಿನಲ್ಲಿ ಚಹಾ! ಅವರು ಬೇಡವೆಂದು ಕೈ ಆಡಿಸಿ, ಚೀಟಿಯನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡು ಹೋದರು.

ಮತ್ತೆ ನನ್ನ ಹೊಸ್ತಿಲು ತುಳಿಯಲಿಲ್ಲ. ಗೋಡೆಯಾಚೆ ಅವರ ಸುತ್ತಿಗೆಯ ಸದ್ದು, ವಾರ್ನಿಷಿನ ಘಾಟು ದಿನವೂ ಬರುತ್ತಿತ್ತು. ಮರುವರ್ಷ ಪಿಂಚಣಿಯ ಬೆರಳೊತ್ತಲು ನನ್ನ ಬಾಗಿಲು ದಾಟಿಕೊಂಡು, ಬಿಸಿಲಲ್ಲಿ ಆಚೆ ಓಣಿಯ ಸೆಂಟರಿಗೆ ನಡೆದುಹೋದರು. ಕರೆಯಬಹುದಿತ್ತು. ಗಿರಾಕಿ ಇದ್ದಾರೆ, ನಾಳೆ ಮಾತಾಡೋಣ, ಹಬ್ಬ ಮುಗಿಯಲಿ... ಹೇಡಿಗೆ ನೆಪಕ್ಕೇನು ಬರ. ಹೀಗೇ ಇರುವಾಗ ಅವರ ಅಂಗಡಿಯ ಶಟರ್ ಎರಡು ದಿನ ಏಳಲಿಲ್ಲ. ಮೂರನೆಯ ದಿನ ಚಹಾದಂಗಡಿಯವನು ಹೇಳಿದ. "ಚಾಚಾ ಹೋದ್ರಲ್ರೀ ಅಕ್ಕಾರ. ನಿಮಗ ಗೊತ್ತಿಲ್ಲೇನ್ರಿ?"

ಅವರು ತೀರಿಕೊಂಡು ನಲವತ್ತು ದಿನ ಕಳೆದ ಮೇಲೆ ಕರಜಗಿಗೆ ಹೋದೆ. ಮನೆಯಲ್ಲಿ ಚಾಚಾ ಅವರ ಹೆಂಡತಿ ಚಾಚಿ ಒಬ್ಬರೇ ಇದ್ದರು. ನಾನು ಯಾರೆಂದು ಹೇಳುವ ಮೊದಲೇ ಅವರಿಗೆ ತಿಳಿಯಿತು. ಕುಳಿತುಕೋ ಎಂದರು, ನೀರು ಕೊಟ್ಟರು. ವಿಮಾನದ ಹೊಸ ಆವೃತ್ತಿ ಬರುವುದಿದೆ, ಕೊನೆಯ ಪುಟದಲ್ಲಿ ಅವರ ಹೆಸರು ಹಾಕಿಸುತ್ತೇನೆ, ನೀವು ಹೂಂ ಅನ್ನಬೇಕು ಎಂದೆ.

ಚಾಚಿ ಸೆರಗಿನಿಂದ ಬಾಯಿ ಒರೆಸಿಕೊಂಡರು. "ಆ ದಿನ ಬಂದು ಉಣ್ಣಲಿಲ್ಲ ಅವ್ರು. ಇಪ್ಪತ್ತ್ ವರ್ಷ ಸರ್ವಿಸಿನ್ಯಾಗ ಒಂದ್ ಸುಳ್ಳ ಸಹಿ ಹಾಕಿದ್ದಿಲ್ಲ, ಇವತ್ತ್ ಬಾಯಿಲೆ ಹಾಕಿ ಬಂದೆ ಅಂದ್ರು. ಯಾಕ್ ಹಾಕಿದ್ರಿ ಅಂದೆ. ಆ ಹುಡುಗಿಗಿ ಒಂದ್ ಕೂಸದ ಅಂದ್ರು."

ನಾನು ಅತ್ತೆ. ಅವರು ಅಳಲಿಲ್ಲ, ಸುಮ್ಮನಿರು ಎಂದೂ ಹೇಳಲಿಲ್ಲ.

"ಒಮ್ಮಿ ಅವ್ರ ಹೆಸರು ಬರ್ದಿ. ಸಾಕು. ಇನ್ನ ನಿನ್ನ ಕೈಲೆ ಅವ್ರ ಹೆಸರು ಬರೀಬ್ಯಾಡ ಬೇ. ಎಲ್ಲೂ ಬರೀಬ್ಯಾಡ. ಏಳು, ನಿನ್ನ ಬಸ್ಸಿನ ಟೈಮಾತು."

ಅದಕ್ಕೇ ಇಲ್ಲಿಯೂ ಬರೆದಿಲ್ಲ. ಇಷ್ಟುದ್ದ ಬರೆದರೂ ಚಾಚಾ, ಚಾಚಾ ಎಂದಷ್ಟೇ. ಅವರಂಥ ಇನ್ನೊಬ್ಬರು ನನ್ನ ಪಕ್ಕ ಬಂದು ಕೂರುವುದಿಲ್ಲ, ಕೂರಲೂ ಬಾರದು. ಆ ಕೆಲಸದಲ್ಲೇ ಇದ್ದೇನೆ. ಇವತ್ತು ಮಧ್ಯಾಹ್ನವೂ ನಾಲ್ಕು ದೂರುಗಳಿಗೆ ವಿಷಾದಿಸುತ್ತೇವೆ ಎಂದು ಉತ್ತರ ಬರೆದಿದ್ದೇನೆ. ಚಾಚಿ ಬೇಡವೆಂದದ್ದು ಹೆಸರನ್ನು. ಆ ತಪ್ಪು ನನ್ನದು ಎಂದು ಕಂಪನಿಗೆ ಬರೆಯುವುದನ್ನು ಅವರು ಬೇಡ ಎಂದಿರಲಿಲ್ಲ. ಅದನ್ನು ನಾನು ಇಂದಿಗೂ ಬರೆದಿಲ್ಲ.