ನನಗೆ ಒಂದು ರೊಟ್ಟಿ ಸಾಕಾಗಿದ್ದ ಕಾಲ

ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ಬ್ಯಾಡಗಿಯ ಮೆಣಸಿನಕಾಯಿ ಪೇಟೆ ಕುಸಿದು, ದಲಾಲಿ ಅಂಗಡಿಯ ಗುಮಾಸ್ತನಾಗಿದ್ದ ನನ್ನ ಸಂಬಳ ಅರ್ಧಕ್ಕಿಳಿಯಿತು. "ಮನುಷ್ಯಾಗ ಎಷ್ಟು ಬೇಕ? ಒಂದು ರೊಟ್ಟಿ, ಚೂರು ಖಾರ," ಎಂದು ಹೆಂಡತಿಗೆ ಉಪದೇಶಿಸಿ, ನಾನೂ ಒಂದೇ ರೊಟ್ಟಿ ತಿಂದು ಏಳುತ್ತಿದ್ದೆ. ಈಗ ವಯಸ್ಸಾಗಿದೆ, ನಿಜ ಹೇಳಿಬಿಡುತ್ತೇನೆ. ದಿನವೂ ಸ್ಟೇಷನ್ ಹತ್ತಿರದ ಅಂಗಡಿಯಲ್ಲಿ ಮಂಡಕ್ಕಿ, ನಾಲ್ಕು ಮಿರ್ಚಿ ಭಜಿ ಮುಗಿಸಿಯೇ ಮನೆಗೆ ಬರುತ್ತಿದ್ದೆ.

ನನ್ನ ಹಸಿವು ಸತ್ತಿತೆಂದು ಅವಳು ಹೆದರಿದಳು. ಅದು ಮರಳಲೆಂದು ಹರಕೆ ಹೊತ್ತು ಸೋಮವಾರದ ಉಪವಾಸ ಹಿಡಿದಳು. ಮೂರು ಸೋಮವಾರ ನಾನು ಬಾಯಿ ಬಿಡಲಿಲ್ಲ. ನಾಲ್ಕನೆಯ ಸೋಮವಾರ ಅವಳು ರೊಟ್ಟಿ ಬಡಿಯುತ್ತ ತಲೆ ತಿರುಗಿ ಕುಳಿತುಬಿಟ್ಟಳು. ನಾನು ಎಲ್ಲವನ್ನೂ ಒಪ್ಪಿಕೊಂಡೆ.

ಅವಳು ಬೈಯಲಿಲ್ಲ. ಒಲೆ ಆರಿಸಿ ಕೈ ತೊಳೆದು, "ನಿಮ್ಮ ಹಸಿವಿ ಎಲ್ಲೂ ಹೋಗಿಲ್ಲಂದ್ರ ನನ್ನ ಹರಕಿ ಮುಗೀತು. ನಡೀರಿ, ಆ ಅಂಗಡಿ ತೋರಸ್ರಿ," ಎಂದಳು.

ಅಂಗಡಿಯವನು ನನ್ನನ್ನು ಕಂಡು, "ಯಾಕ್ರಿ ಯಜಮಾನ್ರ, ಇವತ್ತ ಎರಡನೇ ಸಲ?" ಎನ್ನುತ್ತ ಎರಡು ಪ್ಲೇಟ್ ತಂದಿಟ್ಟ. ಅವಳು ಎರಡನ್ನೂ ತನ್ನತ್ತ ಎಳೆದುಕೊಂಡಳು.

"ನನಗ?" ಎಂದೆ.

"ನಿಮ್ಮ ರೊಟ್ಟಿ ಮನ್ಯಾಗ ಐತ್ರಿ," ಎಂದಳು. "ಮನುಷ್ಯಾಗ ಎಷ್ಟು ಬೇಕ?"