ಕಡಲಲ್ಲಿ ಮಿಂದ ಡ್ರಮ್ಮು

ಅನುಮಾನ ನನ್ನ ಹುಟ್ಟುಗುಣ. ಹಾಲಿನವ ಕಣ್ಣೆದುರೇ ಎಮ್ಮೆ ಹಿಂಡಿಕೊಟ್ಟರೂ ನೀರು ಬೆರೆಸಿಲ್ಲವಷ್ಟೇ ಎಂದು ಬೆರಳದ್ದಿ ನೋಡುವವನು ನಾನು. ಇಂಥವನಿಗೆ ಸರ್ಕಾರ ಕೊಟ್ಟದ್ದೂ ಅಂಥದೇ ಕೆಲಸ. ನಾಗಪುರದ ಕಚೇರಿಯೊಂದರಲ್ಲಿ ಕೂತು, ಸುಡುವ, ಸಿಡಿಯುವ, ವಿಷದ ಸಾಮಾನುಗಳು ಎಲ್ಲಿಂದ ಎಲ್ಲಿಗೆ ಹೋದವು ಎಂದು ತಪಾಸಣೆ ಮಾಡುವುದು. "ಇವರಿಗೆ ಪಗಾರ ಕೊಡೂದ ಸಂಶಯಕ್ಕ" ಎಂದು ನನ್ನ ಹೆಂಡತಿ ಧಾರವಾಡದಿಂದ ಬಂದ ನೆಂಟರನ್ನು ನಗಿಸುತ್ತಿದ್ದಳು.

ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆ. ಮಳೆಗಾಲಕ್ಕೆ ಮುಂಚಿನ ಬಿರುಗಾಳಿಗೆ ಸಿಕ್ಕ ಹಡಗೊಂದರಿಂದ ಕೆಲವು ಕಂಟೇನರುಗಳು ಕಡಲಿಗೆ ಬಿದ್ದವು. ಅವುಗಳಲ್ಲೊಂದು ಒಡೆದು, ಒಳಗಿದ್ದ ಕೀಟನಾಶಕದ ನೀಲಿ ಡ್ರಮ್ಮುಗಳು ಕಾರವಾರದ ಕಡೆಯ ದಡಕ್ಕೆ ತೇಲಿಬಂದವು. ನಾನು ಕಡಲನ್ನು ಸರಿಯಾಗಿ ಕಂಡವನೂ ಅಲ್ಲ. ಆದರೆ ಕಚೇರಿಯಲ್ಲಿ ಕನ್ನಡ ಬಲ್ಲವನು ನಾನೊಬ್ಬನೇ, ಹೀಗಾಗಿ ನನ್ನನ್ನೇ ಕಳಿಸಿದರು.

ಹತ್ತು ದಿನ ಮರಳಲ್ಲಿ ನಡೆದೆವು. ಡ್ರಮ್ಮು ಕಂಡಲ್ಲಿ ಕೆಂಪು ಬಟ್ಟೆ ಕಟ್ಟಿದ ಕೋಲು ನೆಟ್ಟು, ಜನರನ್ನು ದೂರ ಸರಿಸಿ, ತಳದ ನಂಬರನ್ನು ನಮ್ಮ ಪಟ್ಟಿಯೊಂದಿಗೆ ತಾಳೆ ನೋಡುವುದು. ರಬ್ಬರ್ ಕೈಗವಸು ತೊಟ್ಟವರು ಅದನ್ನೆತ್ತಿ ಒಯ್ಯುತ್ತಿದ್ದರು. ಈ ವಿಷ ಹೊಟ್ಟೆಗೆ ಹೋದರೆ ಮೈ ಬೆವರುತ್ತದೆ, ಬಾಯಲ್ಲಿ ಜೊಲ್ಲು ತುಂಬುತ್ತದೆ, ಕಣ್ಣು ಮಂಜಾಗುತ್ತದೆ ಎಂದು ಡಾಕ್ಟರರೊಬ್ಬರು ದಿನಾ ನಮಗೆ ಪಾಠ ಒಪ್ಪಿಸುತ್ತಿದ್ದರು.

ಪಟ್ಟಿಯಲ್ಲಿದ್ದ ಎಷ್ಟೋ ಡ್ರಮ್ಮುಗಳು ಸಿಗಲೇ ಇಲ್ಲ. ಮೀನುಗಾರರ ಮನೆಮನೆಗೆ ಹೋಗಿ ಕೇಳಿದರೆ ಎಲ್ಲರದೂ ಒಂದೇ ಮಾತು, "ನಮ್ಮಲ್ಲಿ ಡ್ರಮ್ಮಿಲ್ಲ." ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಯಾರು ಎಂದು ನಾನು ಮುಖ ಮುಖ ನೋಡುತ್ತಿದ್ದೆ. ಒಬ್ಬ ಮುದುಕಿ ನಾನು ಕೇಳುವ ಮೊದಲೇ ಇಲ್ಲ ಅಂದಳು. ಸೀದಾ ಹಿತ್ತಲಿಗೆ ನುಗ್ಗಿದೆ. ತೆಂಗಿನ ಗರಿಯ ಕೆಳಗೆ ನೀಲಿ ಡ್ರಮ್ಮು, ಅದರ ತುಂಬ ಕುಡಿಯುವ ನೀರು. ಆಗಷ್ಟೇ ತುಂಬಿದ್ದಳಂತೆ, ಇನ್ನೂ ಕುಡಿದಿರಲಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. ತಲೆಬುರುಡೆಯ ಗುರುತು ಕಾಣಲಿಲ್ಲವೇ ಎಂದು ಕೂಗಾಡಿದೆ. ಉಪ್ಪುನೀರಿಗೆ ಚೀಟಿ ಕಿತ್ತುಹೋಗಿದ್ದು ನನಗೂ ಕಾಣುತ್ತಿತ್ತು. ಗುಂಡಿ ತೋಡಿಸಿ ನೀರು ಚೆಲ್ಲಿಸಿದೆ, ಡ್ರಮ್ಮು ಎತ್ತಿಸಿದೆ. "ಹಂಗಾರೆ ನಾ ನೀರು ಎಂತದ್ರಲ್ಲಿ ತುಂಬ್ಲಿ?" ಎಂದು ಕೇಳಿದಳು. ಅದು ನನ್ನ ಕೆಲಸವಲ್ಲ ಎಂದು ಜೀಪು ಹತ್ತಿದೆ.

ಉಳಿದ ಡ್ರಮ್ಮುಗಳು ಗುಜರಿ ಲಾರಿಗಳಲ್ಲಿ ಘಟ್ಟ ಹತ್ತಿವೆ ಎಂದು ಆ ಜನ ಹೇಳಿದರು. ನಾನು ನಂಬಲಿಲ್ಲ. "ಇವರು ಸುಳ್ಳು ಹೇಳುತ್ತಾರೆ, ಡ್ರಮ್ಮುಗಳು ಊರಲ್ಲೇ ಇವೆ" ಎಂದು ವರದಿ ಬರೆದುಕೊಟ್ಟು ರೈಲು ಹತ್ತಿದೆ.

ನಾಗಪುರಕ್ಕೆ ಮಳೆ ಇನ್ನೂ ಬಂದಿರಲಿಲ್ಲ. ನಳಕ್ಕೆ ಬೆಳಿಗ್ಗೆ ಅರ್ಧ ತಾಸು ನೀರು, ಅದರಲ್ಲೇ ಕೂಲರಿಗೂ ಆಗಬೇಕು, ಕುಡಿಯಲೂ ಆಗಬೇಕು. ಅವ್ವನದು ಮಡಿ. ಅವಳ ನೀರು ಬೇರೆ, ಅದನ್ನು ಯಾರೂ ಮುಟ್ಟುವಂತಿಲ್ಲ. ನಾನು ಬಂದಿಳಿದ ದಿನ ಊಟಕ್ಕೆ ಕೂತಾಗ ಅವ್ವ ತಟ್ಟೆ ಸರಿಸಿದಳು. ಹಣೆ ತುಂಬ ಬೆವರು. ಸೆರಗಿನಿಂದ ಮತ್ತೆ ಮತ್ತೆ ಬಾಯೊರೆಸಿಕೊಂಡಳು. ಸೆಕೆಗೆ ಎರಡು ದಿನದಿಂದ ಹೀಗೇ ಎಂದಳು ನನ್ನ ಹೆಂಡತಿ.

"ಅವ್ವಾ, ಮಡಿನೀರು ಎದರಾಗ ತುಂಬತೀ?"

"ಹಂಡೇದಾಗ. ಮತ್ತ್ಯಾತರಾಗ ತುಂಬಲಿ?"

"ಡ್ರಮ್ಮ ಏನರ ತಗೊಂಡೀಯೇನು?"

"ನಮ್ಮಲ್ಲೆಲ್ಲೀ ಡ್ರಮ್ಮು?"

ಈ ಉತ್ತರವನ್ನು ನಾನು ಹತ್ತು ದಿನ ಕೇಳಿ ಬಂದಿದ್ದೆ. ಬಚ್ಚಲಿಗೆ ಹೋದೆ. ಮೂಲೆಯಲ್ಲಿ ಏನೋ ಒಂದರ ಮೇಲೆ ಮಡಿಸೀರೆ ಹರವಿತ್ತು. ಅದನ್ನು ಮುಟ್ಟುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಎಳೆದೆ. ನೀಲಿ ಡ್ರಮ್ಮು. ನೀರು ಚೆಲ್ಲಿ ಮಗುಚಿದೆ. ತಳದ ಅಂಚಿನಲ್ಲಿ ಇನ್ನೂ ಮರಳಿತ್ತು. ನಂಬರು ನನ್ನ ಚೀಲದಲ್ಲಿದ್ದ ಪಟ್ಟಿಯಲ್ಲೇ ಇತ್ತು.

ಸೈಕಲ್ ರಿಕ್ಷಾದಲ್ಲಿ ಆಸ್ಪತ್ರೆಗೆ ಹೋಗುವಾಗ ಅವ್ವ ನನ್ನ ತೋಳಿಗೊರಗಿ ಹೇಳಿದಳು. "ಹಳೇ ಹಂಡೆ ಸೋರತಿತ್ತು. ಗುಜರಿ ಗಾಡಿಯಾಂವ ಇದು ಕಡಲಿಂದ ಬಂದದ್ದು ಅಂದ. ಹುಣಸೆಹಣ್ಣು ಹಚ್ಚಿ ತಿಕ್ಕೀನಪ್ಪಾ. ಕಡಲಾಗ ಮಿಂದು ಬಂದದ್ದಕ್ಕಿಂತ ಮಡಿ ಇನ್ಯಾವದು? ನೀ ಎಲ್ಲಾದಕ್ಕೂ ಸಂಶಯ ತಗೀತಿ, ಅದಕ್ಕ ಮುಚ್ಚಿಟ್ಟೆ." ನನಗೆ ಭಯವಾಗಿತ್ತು. ಅಷ್ಟು ಭಯ ಮುಂದೆಂದೂ ಆಗಿಲ್ಲ.

ಅವ್ವ ಉಳಿದಳು. ಆರು ದಿನ ಆಸ್ಪತ್ರೆಯಲ್ಲಿದ್ದಳು. ಆ ಆರು ದಿನ ನಾನು ನಾಗಪುರದ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿ, ಲಾರಿಯ ಮಾತು ನಿಜವೆಂದು ವರದಿ ತಿದ್ದಿದೆ. ಅವ್ವ ಮನೆಗೆ ಬಂದವಳೇ ಗೋಡೆ ಹಿಡಿದು ಬಚ್ಚಲ ಬಾಗಿಲಿಗೆ ಹೋಗಿ ನಿಂತು, ಖಾಲಿ ಮೂಲೆಯನ್ನು ನೋಡಿದಳು.

"ಹಂಗಾರ ನಾ ನೀರು ಎದರಾಗ ತುಂಬಲಿ?"

ಮರುದಿನವೇ ಇತ್ವಾರಿ ಬಾಜಾರಿನಿಂದ ದೊಡ್ಡದೊಂದು ತಾಮ್ರದ ಹಂಡೆ ಹೊತ್ತು ತಂದೆ. ಕಾರವಾರದ ಆ ಮುದುಕಿಗೆ ಒಂದು ಕೊಡವನ್ನೂ ಕಳಿಸಲಿಲ್ಲ. ಕಳಿಸೋಣವೆಂದರೆ ಅವಳ ಹೆಸರು ಗೊತ್ತಿರಲಿಲ್ಲ. ಡ್ರಮ್ಮಿನ ನಂಬರನ್ನಷ್ಟೇ ಬರೆದುಕೊಂಡಿದ್ದೆ.