ಗಾಲಿಗೆ ಇಟ್ಟ ಕಲ್ಲು

ನಾನು ಹಲ್ಲಿನ ಡಾಕ್ಟರು. ಮನೆ ಶಿಗ್ಗಾಂವಿಯಲ್ಲಿ, ದವಾಖಾನೆ ವ್ಯಾನಿನಲ್ಲಿ. ವಾರದಲ್ಲಿ ಒಂದು ದಿನ ಹಾನಗಲ್ಲು, ಒಂದು ದಿನ ಸವಣೂರು, ಒಂದು ದಿನ ಹಿರೇಕೆರೂರು. ರೋಗಿ ಒರಗುವ ಕುರ್ಚಿ, ನೀರಿನ ಟಾಕಿ, ಜನರೇಟರು, ಸಾಮಾನಿನ ಕಬ್ಬಿಣದ ಕಪಾಟು ಎಲ್ಲ ಸೇರಿ ಅದು ವ್ಯಾನು ಅನ್ನುವುದಕ್ಕಿಂತ ಗಾಲಿ ಹಚ್ಚಿದ ಮನೆ. ಓಡಿಸುವವಳೂ ನಾನೇ. ಯಾರ ಬಾಯಲ್ಲಿ ಯಾವ ಹಲ್ಲು ಹುಳುಕು ಎಂದು ಅವರು ನಗುವಾಗಲೇ ಹೇಳಬಲ್ಲೆ. ವ್ಯಾನಿನ ಹೊಟ್ಟೆಯಲ್ಲಿ ಏನೇನಿದೆ ಎಂಬುದು ಮಾತ್ರ ನನಗೆ ಇವತ್ತಿಗೂ ಗೊತ್ತಿಲ್ಲ.

ಅದನ್ನು ಬಲ್ಲವರು ಬಂಕಾಪುರದ ಗಾಡಿ ಮಿಸ್ತ್ರಿ. ಅರವತ್ತೈದು ದಾಟಿದ ಮನುಷ್ಯ. ನಾನು ಚಾಚಾ ಅನ್ನುತ್ತಿದ್ದೆ, ಅವರು ನನಗೆ ಅಕ್ಕಾರ ಅನ್ನುತ್ತಿದ್ದರು. ಅವರ ಕೆಲಸಕ್ಕಿಂತ ಕೆಲಸದ ತಯಾರಿಯೇ ಉದ್ದ. ಮೊದಲು ನೆಲ ನೋಡುವುದು. ಆಮೇಲೆ ನೆಲದ ಮೇಲಿರುವ ಗಾಲಿಗೆ ಹಿಂದೊಂದು ಮುಂದೊಂದು ಕಲ್ಲು ಕೊಡುವುದು. ಜಾಕಿನ ಕೆಳಗೆ ಹಲಗೆ ಹಾಕಿ ಎತ್ತುವುದು. ಎತ್ತಿದ ಕೂಡಲೇ ಹುಣಸೆ ಕಟ್ಟಿಗೆಯ ದಪ್ಪ ದಿಮ್ಮಿಗಳನ್ನು ವ್ಯಾನಿನ ತಳದ ಕಬ್ಬಿಣದ ಚೌಕಟ್ಟಿಗೆ ಆನಿಕೆ ಕೊಟ್ಟು, ಭಾರವನ್ನೆಲ್ಲ ಅವುಗಳ ಮೇಲೆ ಇಳಿಸುವುದು. ಕೊನೆಗೆ ಸುತ್ತ ಒಂದು ಪ್ರದಕ್ಷಿಣೆ ಬಂದು, ವ್ಯಾನನ್ನು ಭುಜದಿಂದ ನೂಕಿ ಅಲ್ಲಾಡಿಸಿ ನೋಡಿ, ಆಮೇಲೆ ಕೆಳಗೆ ಹೋಗುವುದು.

“ಜಾಕು ಎತ್ತಾಕ ಅಷ್ಟ ಅಕ್ಕಾರ, ಹೊರಾಕ ಅಲ್ಲ” ಅನ್ನುತ್ತಿದ್ದರು. “ಹಿಂದಿನ ಒಂದ್ ಗಾಲಿ ನೆಲ ಬಿಟ್ಟ ಮ್ಯಾಲ ಗೇರಿನ ಮ್ಯಾಲೂ ಭರವಸ ಇಡಬ್ಯಾಡ್ರಿ. ಹಿಡಿಯೋದು ಕಲ್ಲ.”

ನಾನು ಹೂಂ ಅನ್ನುತ್ತಿದ್ದೆ. ನನ್ನ ರೋಗಿಗಳು ನಾನು ಹೇಳುವುದಕ್ಕೆಲ್ಲ ಬಾಯಿ ತೆರೆದುಕೊಂಡು ಹೂಂ ಅನ್ನುತ್ತಾರಲ್ಲ, ಅದೇ ಬಗೆಯ ಹೂಂ.

ಒಂದು ಸಲ ಹಿರೇಕೆರೂರಿನಿಂದ ಬರುವಾಗ, ಅಬಲೂರು ದಾಟಿದ ಮೇಲೆ ಹಿಂದೆ ಎಡಗಡೆ ಲೊಟಲೊಟ ಸದ್ದು ಶುರುವಾಯಿತು. ಫೋನು ಮಾಡಿದೆ. ಚಾಚಾ ಶುಕ್ರವಾರ ಬೆಳಿಗ್ಗೆ ನಮ್ಮ ಅಂಗಳಕ್ಕೇ ಬಂದರು. ನಮ್ಮ ಅಂಗಳ ಮಳೆನೀರು ಹರಿದುಹೋಗಲೆಂದು ಗೇಟಿನ ಕಡೆಗೆ ಸ್ವಲ್ಪ ಇಳಿಜಾರು. ವ್ಯಾನಿನ ಮೋರೆಯೂ ಗೇಟಿನ ಕಡೆಗೇ ಇತ್ತು. ಅವರು ಮುಖ ಸಿಂಡರಿಸಿ, ಕಾಂಪೌಂಡಿನ ಮೂಲೆಯಿಂದ ಚೌಕನೆಯ ಎರಡು ಕಲ್ಲು ಆರಿಸಿ ತಂದು ಮುಂದಿನ ಗಾಲಿಗೆ ಕೊಟ್ಟರು. ಹ್ಯಾಂಡ್‌ಬ್ರೇಕು ಬೇರೆ ಸಡಿಲವಾಗಿದೆ ಎಂದು ಬೈದರು. ಎತ್ತಿದರು, ದಿಮ್ಮಿ ಕೊಟ್ಟರು, ಇಳಿಸಿದರು, ಎಡಗಡೆಯ ಹಿಂದಿನ ಗಾಲಿ ಬಿಚ್ಚಿದರು. ಅಷ್ಟರಲ್ಲಿ ನಮಾಜಿನ ಹೊತ್ತಾಯಿತು.

“ಯಾರೂ ಏನೂ ಮುಟ್ಟಬ್ಯಾಡ್ರಿ” ಎಂದು ಹೇಳಿ ಹೋದರು.

ಅಂದು ಅಮಾವಾಸ್ಯೆ. ನನ್ನ ತಾಯಿಗೆ ವ್ಯಾನು ಬಿಚ್ಚಿಕೊಂಡು ನಿಂತಿದ್ದರೇನು, ಓಡುತ್ತಿದ್ದರೇನು, ಅಮಾವಾಸ್ಯೆ ಅಮಾವಾಸ್ಯೆಯೇ. ನಮ್ಮದು ಶಾಸ್ತ್ರ ಹೇಳಿಕೊಂಡು ಬಂದ ವೈಷ್ಣವ ಮನೆತನ. ಶಾಸ್ತ್ರ ಓದುವವರು ಈಗ ಯಾರೂ ಉಳಿದಿಲ್ಲ, ಆದರೆ ಗಾಡಿಗೆ ಕಾಯಿ ಒಡೆಯುವುದರಲ್ಲಿ ನಾವು ಯಾರಿಗೂ ಕಮ್ಮಿಯಿಲ್ಲ. ಅವ್ವ ಆರತಿ ತಟ್ಟೆ ಹಿಡಿದು ಬಂದೇಬಿಟ್ಟಳು.

“ಅವ್ವಾ, ಗಾಲಿನ ಇಲ್ಲ ಅದಕ್ಕ” ಎಂದೆ.

“ಉಳದ ಮೂರು ಅವ ಅಲ್ಲ?” ಅಂದಳು. “ಹೊಸಾ ಟೈಲ್ಸಿನ ಮ್ಯಾಲ ಕಾಯಿ ಒಡದ್ರ ಸೀಳ್ತಾವ. ಒಂದು ಕಲ್ಲು ತೊಗೊಂಡ್ ಬಾ.”

ನಾನು ಕಲ್ಲು ತಂದುಕೊಟ್ಟೆ. ಚೌಕನೆಯದು, ಕೈಗೆ ಸಿಕ್ಕಿದ್ದು, ಗಾಲಿಯ ಮುಂದೆ ಇದ್ದದ್ದು. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಏನಿತ್ತು? ಅದು ಏತಕ್ಕೆ ಇಟ್ಟ ಕಲ್ಲು ಎಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಹಾಗಾದರೆ ತೆಗೆದದ್ದೇಕೆ? ಕಾಯಿ ಒಡೆದ ಕೂಡಲೇ ವಾಪಸು ಇಟ್ಟರಾಯಿತು ಅಂದುಕೊಂಡೆ ಎಂದು ಈಗ ಅನ್ನಿಸುತ್ತದೆ. ಆಗಲೂ ಹಾಗೇ ಅಂದುಕೊಂಡಿದ್ದೆನೋ, ಅಥವಾ ಆಮೇಲೆ ನನ್ನ ಅನುಕೂಲಕ್ಕೆ ಸೇರಿಸಿಕೊಂಡೆನೋ, ಹೇಳಲಾರೆ.

ಕಾಯಿ ಒಡೆಯಿತು. ಅವ್ವ ಕಲ್ಲಿಗೂ ಕುಂಕುಮ ಹಚ್ಚಿದಳು. “ಇನ್ನ ಇದು ಕಾಲಾಗ ಬೀಳಬಾರದು” ಎಂದು ಅದನ್ನು ಎತ್ತಿಕೊಂಡು ಹೋಗಿ ತುಳಸಿಕಟ್ಟೆಯ ಮಗ್ಗುಲಿಗಿಟ್ಟಳು. ಅದು ಗಾಲಿಗೆ ಇಟ್ಟ ಕಲ್ಲು ಎಂದು ಅವಳಿಗೆ ತಿಳಿಯದು. ಬೇರೆ ಕಲ್ಲು ಹುಡುಕಲು ನಾನು ಮೂಲೆಯ ಕಡೆ ಹೊರಟದ್ದು ನೆನಪಿದೆ. ಆಗ ಸವಣೂರಿನಿಂದ ಫೋನು ಬಂತು. ಎರಡು ದಿನದ ಹಿಂದೆ ದವಡೆ ಹಲ್ಲು ಕೀಳಿಸಿಕೊಂಡವರು, ಗಲ್ಲ ಊದಿದೆ ಎಂದು ಗಾಬರಿಯಾಗಿದ್ದರು. ಮಾತು ಮುಗಿಸಿ ಬರುವಷ್ಟರಲ್ಲಿ ಕಲ್ಲು ಇಟ್ಟಾಗಿದೆ ಎಂದೇ ನನ್ನ ಮನಸ್ಸು ನಂಬಿಬಿಟ್ಟಿತ್ತೇ? ಎಷ್ಟು ತಡಕಾಡಿದರೂ ಆ ಜಾಗ ನನಗೆ ಖಾಲಿಯಾಗಿಯೇ ಸಿಗುತ್ತದೆ.

ಚಾಚಾ ಬಂದವರೇ ಕೇಳಿದರು. “ಏನಾರ ಮುಟ್ಟೀರೇನ್ರಿ ಅಕ್ಕಾರ?”

“ಇಲ್ರಿ ಚಾಚಾ” ಎಂದೆ.

ಇದು ಮಾತ್ರ ಖಂಡಿತ ನೆನಪಿದೆ.

ದಿಮ್ಮಿ ಸ್ವಲ್ಪ ಗಿಡ್ಡ ಆಯಿತು, ಇನ್ನೊಂದು ಹಲಗೆ ಸೇರಿಸಬೇಕು ಎಂದು ಅವರು ಜಾಕಿನಿಂದ ವ್ಯಾನನ್ನು ಮತ್ತೆ ಎತ್ತಿದರು. ಸುತ್ತ ಪ್ರದಕ್ಷಿಣೆ ಬರಲಿಲ್ಲ. ಡಾಕ್ಟರು ಇಲ್ಲ ಎಂದ ಮೇಲೆ ಇಲ್ಲವೇ ಇಲ್ಲ ಎಂದುಕೊಂಡಿರಬೇಕು. ಚಾಪೆಯ ಮೇಲೆ ಮಗ್ಗುಲಾಗಿ ಮಲಗಿ, ಒಂದು ಭುಜ ಒಳಗೆ ತೂರಿಸಿ ಹಲಗೆ ಕೂಡಿಸುತ್ತಿದ್ದರು.

ಆಗ ಅವ್ವ ಹೊಸ್ತಿಲಿಂದ ಕರೆದಳು. “ಮಿಸ್ತ್ರಿಯವರ, ಕೊಬ್ಬರಿ ಸಕ್ಕರಿ ತೊಗೊಂಡು ಹೋಗ್ರಿ ಮೊದಲ.”

ಹಿರಿಯಳು ಕರೆದಳು ಎಂದು ಅವರು ಹೊರಗೆ ಸರಿದು, ವ್ಯಾನಿಗೆ ಕೈಯೂರಿ ಎದ್ದರು. ಅವರು ಕೈಯೂರಿದ್ದಕ್ಕೋ, ಇಲ್ಲ ಹ್ಯಾಂಡ್‌ಬ್ರೇಕು ಸೋತು ಸಾಕಾಗಿ ಬಿಟ್ಟದ್ದಕ್ಕೋ, ವ್ಯಾನು ಒಂದು ಗೇಣು ಮುಂದೆ ಸರಿಯಿತು. ಜಾಕು ವಾಲಿತು, ದಿಮ್ಮಿ ಉರುಳಿತು. ಧಡ್ ಎಂದು ಹಿಂಭಾಗದ ಎಡಮಗ್ಗುಲು ನೆಲಕ್ಕೆ ಕೂತಿತು. ಚಾಪೆ ಅದರ ಅಡಿಯಲ್ಲಿತ್ತು.

ಚಾಚಾ ಚಾಪೆಯನ್ನೇ ನೋಡಿದರು. ನಿಧಾನಕ್ಕೆ ಮುಂದಿನ ಗಾಲಿಯ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತು, ಅದರ ಮುಂದೆ ಅಂಗೈ ಆಡಿಸಿದರು.

“ಇಲ್ಲಿ ಕಲ್ಲ ಇಟ್ಟಿಲ್ಲ ನಾ” ಅಂದರು. “ಹಿಂದ ಇಟ್ಟೇನಿ, ಮುಂದ ಮರತೇನಿ.”

ಆಗ ಹೇಳಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು ಎಂದರೆ ಸುಳ್ಳಾಗುತ್ತದೆ, ಗಂಟಲಿಗೂ ಬರಲಿಲ್ಲ. ಅವ್ವ ಆಗಲೇ ಕೈ ಮುಗಿದು ರಾಯರು ಕಾಯ್ದರು ಅನ್ನುತ್ತಿದ್ದಳು. ಪಕ್ಕದ ಮನೆಯವರು ಬಂದು ಹಳೇ ಜಾಕು ಎಂದರು. ಒಬ್ಬೊಬ್ಬರು ಒಂದೊಂದು ಹೇಳುತ್ತ ಹೋದಂತೆ ನನಗೆ ನಾನು ಕಂಡದ್ದರ ಮೇಲೇ ಅನುಮಾನ ಬಂತು. ನಾನು ತೆಗೆದದ್ದು ಆ ಕಲ್ಲೇ ಹೌದೇ? ಅಥವಾ ಮೂಲೆಯಲ್ಲಿದ್ದ ಬೇರೆಯದೇ? ಅವ್ವ ಕಾಯಿ ಒಡೆಯದಿದ್ದರೆ ವ್ಯಾನು ಸರಿಯುತ್ತಿರಲಿಲ್ಲ. ಕಾಯಿ ಒಡೆದು ಅವಳು ಕೊಬ್ಬರಿಗೆ ಕರೆಯದಿದ್ದರೆ ಅವರು ಏಳುತ್ತಿರಲಿಲ್ಲ. ಇದನ್ನು ಎಲ್ಲಿಂದ ಬಿಡಿಸಿಕೊಳ್ಳಬೇಕೋ ತಿಳಿಯದೆ ಒಳಗೆ ಹೋಗಿ ಚಹಾಕ್ಕಿಟ್ಟೆ.

ಚಾಚಾ ಚಹಾ ಕುಡಿಯಲಿಲ್ಲ. ಉಳಿದದ್ದನ್ನು ಬೇರೆ ಯಾರಾದರೂ ಮಾಡಲಿ ಎಂದು ಹೇಳಿ ಹೋದರು. ಊರಿನ ಇನ್ನೊಬ್ಬ ಮಿಸ್ತ್ರಿ ಬಂದು ರಿಪೇರಿ ಮುಗಿಸಿದ. ನಾನು ಮತ್ತೆ ಹಾನಗಲ್ಲು, ಸವಣೂರು ಎಂದು ತಿರುಗತೊಡಗಿದೆ. ನಾಳೆ ಹೇಳಿದರಾಯಿತು ಎಂದುಕೊಂಡೆ. ಜೀವಕ್ಕೇನೂ ಆಗಿಲ್ಲವಲ್ಲ, ಈಗ ಹೇಳಿ ಅವರ ಮನಸ್ಸು ಯಾಕೆ ನೋಯಿಸಬೇಕು ಎಂದೂ ಅಂದುಕೊಂಡೆ. ಇಂಥ ಮಾತುಗಳು ನನಗೆ ಎಲ್ಲಿಂದ ಹೊಳೆಯುತ್ತವೋ.

ಎರಡು ವಾರದ ಮೇಲೆ ಆಯಿಲ್ ಬದಲಿಸಲು ಅವರಿಗೇ ಫೋನು ಮಾಡಿದೆ.

“ನಾ ಈಗ ಗಾಡಿ ಕೆಳಗ ಹೋಗಂಗಿಲ್ರಿ ಅಕ್ಕಾರ” ಅಂದರು. “ಮರವು ಬಂದೈತಿ. ಇವತ್ತ ಕಲ್ಲ ಮರತೇನಿ, ನಾಳೆ ಮಂದಿ ಗಾಡಿದು ನಟ್ಟ ಮರತ್ರ? ಕೆಲಸ ಬಿಟ್ಟೇನಿ.”

ಆಗಲೂ ನಾನು ಫೋನಿನಲ್ಲಿ ಹೇಳಲಿಲ್ಲ. ಮತ್ತೂ ಕೆಲವು ದಿನ ಹೊರಳಾಡಿದ ಮೇಲೆ ಬಂಕಾಪುರಕ್ಕೆ ಹೋದೆ.

ಅವರು ಮನೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಅಂಗಿ ಬಿಳಿಯದು, ಕೈ ಸ್ವಚ್ಛ. ಉಗುರಿನ ಸಂದಿಯಲ್ಲಿ ಕರಿ ಇಲ್ಲದ ಅವರ ಕೈ ನಾನು ಅದೇ ಮೊದಲು ನೋಡಿದ್ದು. ನಾನು ನಿಂತುಕೊಂಡೇ ಹೇಳಿದೆ. ಕಲ್ಲು ನೀವು ಇಟ್ಟಿದ್ದಿರಿ, ಕಾಯಿ ಒಡೆಯಲು ತೆಗೆದವಳು ನಾನು, ನೀವು ಕೇಳಿದಾಗ ಇಲ್ಲ ಅಂದವಳೂ ನಾನೇ. ಅಷ್ಟೇ. ಅಷ್ಟಕ್ಕೆ ಹೆಚ್ಚು ಹೊತ್ತೇನೂ ಬೇಕಾಗಲಿಲ್ಲ.

ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

“ಮುಂದಿನ ಗಾಲಿ ಮುಂದ?” ಎಂದು ಕೇಳಿದರು.

“ಹೌದ್ರಿ.”

“ನಾ ಇಟ್ಟಿದ್ನ್ಯಾ?”

“ಇಟ್ಟಿದ್ರಿ ಚಾಚಾ.”

“ಸುತ್ತ ತಿರುಗಿ ನೋಡಲಿಲ್ಲ, ಅದು ನನ್ನ ತಪ್ಪು” ಅಂದರು. “ಆದ್ರ ಮರತಿಲ್ಲ ನಾ.” ಅದನ್ನೇ ಇನ್ನೊಮ್ಮೆ ಹೇಳಿದರು. ಆಮೇಲೆ ಎದ್ದು ಬಾಗಿಲ ಪರದೆ ಸರಿಸಿದರು. “ಅಕ್ಕಾರ, ಒಂದ್ ಉಪಕಾರ ಮಾಡ್ರಿ. ಇದನ್ನ ಒಳಗ ಬಂದು ನಮ್ಮ ಮನ್ಯಾಕಿ ಮುಂದೂ ಹೇಳ್ರಿ. ನಾ ಹೇಳಿದ್ರ ನಂಬಂಗಿಲ್ಲ.”

ಒಳಗೆ ಅವರ ಹೆಂಡತಿ ಜೋಳ ಹಸನು ಮಾಡುತ್ತಿದ್ದರು. ನಾನು ನೆಲದ ಮೇಲೆ ಕೂತು ಎಲ್ಲವನ್ನೂ ಮತ್ತೆ ಮೊದಲಿನಿಂದ ಹೇಳಿದೆ. ಅವರು ಮೊರ ಕೆಳಗಿಟ್ಟು, ಗಂಡನ ಮುಖ ಒಮ್ಮೆ ನೋಡಿ, ನನ್ನ ಕಡೆ ತಿರುಗಿದರು.

“ಬಾಗಲಾ ಹಾಕೀನೇನು, ಗ್ಯಾಸ ಬಂದ್ ಮಾಡೀನೇನು, ನಮಾಜ ಮಾಡೀನೇನು ಅಂತ ದಿನಾ ನನ್ನ ಕೇಳ್ತಾರಿ ಇವ್ರು. ಹದಿನೆಂಟ್ ದಿನ ಆತು” ಅಂದರು. “ಶಿಗ್ಗಾಂವಿಯಿಂದ ಇಲ್ಲಿಗೆ ಬರಾಕ ಅಷ್ಟ್ ದಿನ ಬೇಕೇನ್ರಿ ಅಕ್ಕಾರ?”

“ಬೇಕಿದ್ದಿಲ್ರಿ” ಎಂದೆ.